ಆಯಿಲ್ ಕೂಲರಿನ ಆರೈಕೆ

ಸಿಟ್ಟಿನ ವಿಷಯದಲ್ಲಿ ನನಗೂ ನನ್ನ ಕಾರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರದೂ ಹಳೆಯ ಮಾದರಿ, ಇಬ್ಬರಿಗೂ ಏರು ಕಂಡರೆ ಆಗುವುದಿಲ್ಲ, ಇಬ್ಬರೂ ನಾಲ್ಕು ಜನರ ಎದುರಿಗೇ ಹೊಗೆ ಬಿಡುತ್ತೇವೆ. ಆದರೆ ನನ್ನನ್ನು ಮಾರುವ ಮಾತನ್ನು ನನ್ನ ಹೆಂಡತಿ ಶೈಲಾ ಇದುವರೆಗೆ ಎತ್ತಿಲ್ಲ. ಕಾರನ್ನು ಮಾರುವ ಮಾತು ಮಾತ್ರ ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಜೊತೆ ಬರುತ್ತದೆ, ರಾತ್ರಿ ರೊಟ್ಟಿಯ ಜೊತೆಗೂ ಬರುತ್ತದೆ. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. "ನಿಮಗ ಹಳೇದರ ಮ್ಯಾಲೆ ಅಷ್ಟ ಪ್ರೀತಿ ಇದ್ರ ಕಾಲೇಜಿನ್ಯಾಗ ತೋರಸ್ರಿ. ಅದರಾಗ ನಮ್ಮನ್ನ ಕುಂಡ್ರಿಸಿ ನಡುರಸ್ತೆದಾಗ ನಿಲ್ಲಸಬ್ಯಾಡ್ರಿ" ಎಂದು ಆಕೆ ಹೇಳುತ್ತಾಳೆ. ಪ್ರೀತಿ ಇರುವುದು ನಿಜ. ನನ್ನ ವಯಸ್ಸಿನವರು ಮಕ್ಕಳಿಗೆ ಡ್ರೈವಿಂಗ್ ಕಲಿಸುವ ಹೊತ್ತಿಗೆ ನಾನು ಈ ಡೀಸೆಲ್ ಕಾರಿನಲ್ಲಿ ಕಲಿತೆ. ಅದು ನನ್ನ ಎಲ್ಲ ತಪ್ಪುಗಳನ್ನೂ ಸಹಿಸಿಕೊಂಡು ಕಲಿಸಿತು. ಅದನ್ನು ಬೇರೆಯವರು ಹೊಡೆದುಕೊಂಡು ಹೋಗುವುದನ್ನು ನೋಡಿದರೆ ನಾನು ಖಂಡಿತ ಅಳುತ್ತೇನೆ.

ಮೊನ್ನೆಯ ಬೇಸಿಗೆಯಲ್ಲಿ ಅದು ಕುದಿಯುವ ಚಟ ಹಚ್ಚಿಕೊಂಡಿತು. ಊರೊಳಗೆ ಓಡಾಡಿಸಿದರೆ ಸಾಧು, ಹೈವೇ ಹಿಡಿದರೆ ಎಸರು. ಹುಬ್ಬಳ್ಳಿಯಲ್ಲಿ ರಸ್ತೆಯ ಪಕ್ಕ ಬಾನೆಟ್ ಎತ್ತಿದರೆ ಒಬ್ಬಂಟಿತನ ಅನ್ನುವುದೇ ಇರುವುದಿಲ್ಲ. ಎಲ್ಲಿಂದಲೋ ಬಂದ ಒಬ್ಬರು ನೀರು ಬದಲಿಸಿ ಎಂದರು, ಇನ್ನೊಬ್ಬರು ಎಣ್ಣೆ ಬದಲಿಸಿ ಎಂದರು, ಸೈಕಲ್ ನಿಲ್ಲಿಸಿದ ಹಿರಿಯರೊಬ್ಬರು ಬಗ್ಗಿ ಬಹಳ ಹೊತ್ತು ನೋಡಿ, "ಸೀಟ್ ಕವರ್ ಛಲೋ ಅದಾವು" ಎಂದು ಹೊರಟುಹೋದರು. ಕೊನೆಗೆ ಮೊಬೈಲಿನ ವಿಡಿಯೋ ಒಂದರಲ್ಲಿ ನನಗೆ ಜ್ಞಾನೋದಯವಾಯಿತು. ಎಂಜಿನ್ನಿನ ಬಿಸಿ ಎಣ್ಣೆಯನ್ನು ಪೈಪಿನಲ್ಲಿ ಹೊರಗೆ ತಂದು, ಕಾರಿನ ಮೂತಿಯ ಬಳಿ ಕೂಡಿಸಿದ ಸಣ್ಣ ಜಾಲರಿಯಂಥ ಡಬ್ಬಿಯಲ್ಲಿ ಸುತ್ತಾಡಿಸಿ, ತಣ್ಣಗಾದ ಮೇಲೆ ಒಳಗೆ ಕಳಿಸುವುದು. ಅದರ ಹೆಸರು ಆಯಿಲ್ ಕೂಲರ್. ಕಂಪನಿಯವರು ನನ್ನ ಕಾರಿಗೆ ಕೊಟ್ಟಿರಲಿಲ್ಲ, ನಾನೇ ಕೊಡಿಸುವುದೆಂದು ನಿರ್ಧರಿಸಿದೆ. ಶೈಲಾ ಒಂದೇ ಷರತ್ತು ಹಾಕಿದಳು: "ಹಚ್ಚಸ್ರಿ. ಆದ್ರ ಅದನ್ನ ಹಚ್ಚಿದ ಮ್ಯಾಲೂ ಕುದೀತಂದ್ರ, ನಮ್ಮ ತಮ್ಮ ಗಿರಾಕಿ ಹುಡುಕಿ ಇಟ್ಟಾನ, ಅವತ್ತೇ ಕಾರ್ ಹೋತು ಅಂತ ತಿಳ್ಕೋರಿ."

ಕೆಲಸ ಹಿಡಿದವನು ನಮ್ಮ ಕಾಯಂ ಮೆಕ್ಯಾನಿಕ್ ದಾದಾಪೀರ. ಬೆಳಿಗ್ಗೆ ಕಾರು ಒಪ್ಪಿಸಿದಾಗ "ಸಂಜಿಕ್ ಒಯ್ರಿ ಸರ" ಎಂದ. ಯಾವ ಸಂಜೆ ಎಂದು ಕೇಳದಿದ್ದುದು ನನ್ನ ಮರೆವು. ಮೊದಲು ಎಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಕೂಡಿಸಬೇಕಾದ ಬಿಲ್ಲೆ ದೊಡ್ಡದಾಯಿತು. ಸರಿಯಾದ ಬಿಲ್ಲೆ ಬಂದಾಗ ಪೈಪು ಗಿಡ್ಡವಾಯಿತು. ಪೈಪು ಉದ್ದವಾದಾಗ ಬಂಪರ್ ಮುಚ್ಚಲೊಲ್ಲದಾಯಿತು. ಪ್ರತಿದಿನ ನಾನು ಇವತ್ತು ಬೈದೇ ಬಿಡಬೇಕೆಂದು ರಿಕ್ಷಾದಲ್ಲಿ ಮಾತುಗಳನ್ನು ಹೊಂದಿಸಿಕೊಂಡು ಹೋಗುತ್ತಿದ್ದೆ. ನಾನು ಇಳಿಯುವಷ್ಟರಲ್ಲೇ ಅವನು ಚಹಾಕ್ಕೆ ಕೂಗಿಬಿಡುತ್ತಿದ್ದ. ಒಬ್ಬರ ಚಹಾ ಕೈಯಲ್ಲಿ ಹಿಡಿದುಕೊಂಡು ಅವರನ್ನೇ ಬೈಯುವ ಪದ್ಧತಿ ನಮ್ಮ ಕಡೆ ಇಲ್ಲ. ಚಹಾ ಮುಗಿಯುವ ಹೊತ್ತಿಗೆ ನನ್ನ ಸಿಟ್ಟೂ ಮುಗಿದಿರುತ್ತಿತ್ತು, ಅವನಿಗೆ ಅದು ಗೊತ್ತಿತ್ತು. ಹೀಗೆ ಬಹಳಷ್ಟು ಚಹಾ ಕುಡಿದ ಮೇಲೆ ಅವನು ಬಂಪರಿಗೆ ಬಾಯಿ ಕೊಯ್ದು ಕೂಲರನ್ನು ಕೂಡಿಸಿದ. "ಗಾಳಿ ನೇರ ಹೊಡೀಬೇಕ್ರಿ ಸರ. ಗಾಳಿ ಹೊಡದಂಗ ಎಣ್ಣಿ ಆರ್ತೈತಿ" ಎಂದ. ಎಣ್ಣೆಯ ಬಿಸಿ ತೋರಿಸುವ ಮೀಟರನ್ನೂ ಸ್ಟೀರಿಂಗ್ ಪಕ್ಕ ಹಚ್ಚಿಕೊಟ್ಟ. ನಾನು ಎರಡು ದಿನ ರಸ್ತೆ ಬಿಟ್ಟು ಮೀಟರನ್ನೇ ನೋಡುತ್ತ ಕಾರು ಓಡಿಸಿದೆ.

ಮೂರನೆಯ ದಿನ ಇಳಿದು ನೋಡಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಕೂಲರಿನ ಮೇಲೆ ಕೆಂಪು ಧೂಳಿನ ಲೇಪ! ನಮ್ಮ ಊರಲ್ಲಿ ಯಾವುದಾದರೊಂದು ರಸ್ತೆಯನ್ನು ಅಗೆದಿರುತ್ತಾರೆ, ಆ ರಸ್ತೆ ಯಾವಾಗಲೂ ನನ್ನ ಕಾಲೇಜಿನ ದಾರಿಯಲ್ಲೇ ಇರುತ್ತದೆ. ಮನೆಗೆ ಹೊಸ ವಸ್ತು ಬಂದರೆ ಅದಕ್ಕೆ ಹೊದಿಕೆ ಹಾಕುವುದು ನಮ್ಮವರಲ್ಲಿ ಒಂದು ಸಂಸ್ಕಾರವೇ ಆಗಿದೆ. ನಮ್ಮ ಮನೆಯ ಫ್ರಿಜ್ಜಿನ ಹಿಡಿಕೆಗೆ ಟೊಪ್ಪಿಗೆ ಇದೆ, ಮಿಕ್ಸರಿಗೆ ಝಾಲರಿನ ಅಂಗಿ ಇದೆ, ಟಿವಿ ರಿಮೋಟು ಪ್ಲಾಸ್ಟಿಕ್ ಚೀಲದೊಳಗಿಂದಲೇ ಕೆಲಸ ಮಾಡುತ್ತದೆ. ಇಷ್ಟು ತೊಂದರೆಪಟ್ಟು ತಂದ ಕೂಲರು ಮಾತ್ರ ಬರಿಮೈಯಲ್ಲಿ ಇರುವುದೇ? ಕಣ್ಣು ತೋರಿಸಿಕೊಳ್ಳಲು ಉಪ್ಪಿನಬೆಟಗೇರಿಯಿಂದ ಬಂದಿದ್ದ ನಮ್ಮ ಅತ್ತೆಯವರು ಮನೆಯಲ್ಲೇ ಇದ್ದರು. ಹಳೆಯ ಬಟ್ಟೆ ಸೇರಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ. ನಾನೇ ಹೋಗಿ ಕೇಳಿಕೊಂಡೆ. ಅವರು ಗೇಣು ಹಾಕಿ ಕೂಲರಿನ ಅಳತೆ ತೆಗೆದುಕೊಂಡು, ಹಳೆಯ ಇಳಕಲ್ ಸೀರೆಯ ತುಂಡು, ನನ್ನದೇ ಒಂದು ಧೋತರ, ಇನ್ನೇನೇನೋ ಸೇರಿಸಿ, ಮೂಲೆಗಳಿಗೆ ಕುಚ್ಚು ಇಟ್ಟು, ಕಟ್ಟಲು ಲಾಡಿ ಸಹಿತ ಒಂದು ಪುಟ್ಟ ಕೌದಿ ಹೊಲಿದುಕೊಟ್ಟರು. "ನಾಕ್ ಪದರ ಹಾಕೇನ್ರಿ ಅಳಿಯಂದ್ರ, ಗಟ್ಟಿ ಬರ್ತೈತಿ" ಎಂದರು. ಅದನ್ನು ಕೂಲರಿಗೆ ಕಟ್ಟಿ ದಾದಾಪೀರನಿಗೆ ತೋರಿಸಿದೆ. ಅವನು ಹೊಲಿಗೆಯ ಮೇಲೆ ಕೈಯಾಡಿಸಿ, "ಭಾರಿ ಆತ್ರಿ ಸರ. ಧೂಳ ಒಂದ್ ಕಣ ಒಳಗ ಹೋಗಂಗಿಲ್ಲ" ಎಂದ. ಧೂಳೂ ಗಾಳಿಯೂ ಒಂದೇ ದಾರಿಯಲ್ಲಿ ಬರುತ್ತವೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಅತ್ತೆಯವರನ್ನು ಊರಿಗೆ ಬಿಡುವ ದಿನವೇ ಕಾರಿನ ಪರೀಕ್ಷೆಯ ದಿನವೂ ಆಯಿತು. ಶೈಲಾ ಪಕ್ಕದಲ್ಲಿ ಕೂತು ಮೀಟರಿನ ಮೇಲೆ ಕಣ್ಣಿಟ್ಟಳು. ನವನಗರ ದಾಟುವಾಗ ಮುಳ್ಳು ನಡುಮಧ್ಯ ಇತ್ತು. ನಾನು ಸೀಟಿ ಹಾಕಿದೆ. ಸ್ವಲ್ಪ ಮುಂದೆ ಹೋಗುತ್ತಲೇ ಅದು ಏಳತೊಡಗಿತು, ನಾನು ಸೀಟಿ ನಿಲ್ಲಿಸಿದೆ. ಸತ್ತೂರಿನ ಹತ್ತಿರ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಾರು ಪಕ್ಕಕ್ಕೆ ನಿಂತಿತು. ಶೈಲಾ ಕೆಳಗಿಳಿದು ತಮ್ಮನಿಗೆ ಫೋನ್ ಹಚ್ಚಿದಳು. ನಾನು ದಾದಾಪೀರನಿಗೆ ಹಚ್ಚಿದೆ. ಅಷ್ಟು ದಿನ ಚಹಾದ ಜೊತೆ ನುಂಗಿದ್ದೆಲ್ಲ ಹೊರಗೆ ಬಂತು. "ಏನ್ ಕೂಲರ್ ಹಚ್ಚೀಪಾ ನೀ! ಎಸರ ಕುದ್ದಂಗ ಕುದಿಯಾಕತ್ತೈತಿ ಗಾಡಿ! ನಿನಗ ಕೆಲಸಾ ಬರ್ತೈತೋ ಇಲ್ಲೋ?" ಎಂದು ರಸ್ತೆಗೆಲ್ಲ ಕೇಳುವಂತೆ ಕಿರುಚಿದೆ. ಅವನು "ಹಂಗ ಆಗಬಾರದಲ್ರಿ ಸರ" ಎಂದಷ್ಟೇ ಹೇಳಿದ. ಫೋನಿನಲ್ಲಿ ಚಹಾ ಕುಡಿಸಲು ಬರುವುದಿಲ್ಲವಲ್ಲ.

ಇಷ್ಟರಲ್ಲಿ ಅತ್ತೆಯವರು ಕೂಡಲು ಜಾಗ ಹುಡುಕುತ್ತಿದ್ದರು. ಬೇವಿನ ಗಿಡದ ಕೆಳಗೆ ನೆರಳೇನೋ ಇತ್ತು, ನೆಲ ಹೊಲಸಾಗಿತ್ತು. ಅವರು ಸೀದಾ ಕಾರಿನ ಮೂತಿಗೆ ಹೋಗಿ ಲಾಡಿ ಬಿಚ್ಚಿ, "ನಾ ಹೊಲದಿದ್ದು, ನಾನೇ ಕುಂಡ್ರತೇನಿ ತಗೀರಿ" ಎಂದು ಕೌದಿಯನ್ನು ಹಾಸಿಕೊಂಡು ಕೂತುಬಿಟ್ಟರು. ಎಂಜಿನ್ ಆರಿದ ಮೇಲೆ ನೀರು ತುಂಬಿಸಿ ಹೊರಟೆವು. ಧಾರವಾಡ ಬಂತು, ಹೋಯಿತು. ಮುಳ್ಳು ಏಳಲಿಲ್ಲ. ಊರು ದಾಟಿ ಜೋರಾಗಿಯೇ ಬಿಟ್ಟೆ, ಆದರೂ ಏಳಲಿಲ್ಲ. "ಎಂಜಿನ್ ಈಗ ಸೆಟ್ ಆತು ನೋಡು" ಎಂದು ಶೈಲಾಗೆ ಹೇಳುತ್ತ ಕನ್ನಡಿಯಲ್ಲಿ ಹಿಂದೆ ನೋಡಿದೆ. ಅತ್ತೆಯವರ ತೊಡೆಯ ಮೇಲೆ ಮಡಿಚಿಟ್ಟ ಕೌದಿ ಕಂಡಿತು. ಮೀಟರ್ ನೋಡಿದೆ, ಮತ್ತೆ ಕೌದಿ ನೋಡಿದೆ. ನಾಲ್ಕು ಪದರ! ಮೇ ತಿಂಗಳಲ್ಲಿ, ತಣ್ಣಗಾಗಲೆಂದು ಹಚ್ಚಿಸಿದ ವಸ್ತುವಿಗೆ ನಾನೇ ಕೇಳಿ ಹೊಲಿಸಿದ ಕೌದಿ. ಉಪ್ಪಿನಬೆಟಗೇರಿ ಮುಟ್ಟುವವರೆಗೆ ನಾನು ಎಂಜಿನ್ನನ್ನೇ ಹೊಗಳುತ್ತ ಹೋದೆ.

ಊಟವಾಗಿ ಹೊರಡುವಾಗ ಅತ್ತೆಯವರು ಕೌದಿಯನ್ನು ಒಗೆದು ಒಣಗಿಸಿ ತಂದಿದ್ದರು. ಶೈಲಾ ಅದನ್ನು ಇಸಿದುಕೊಂಡು ಕಟ್ಟಲು ಬಗ್ಗಿದಳು. ನಾನು ಓಡಿಹೋಗಿ, "ಬ್ಯಾಡ ಬ್ಯಾಡ, ಅದಕ್ಕ ಗಾಳಿ ಬೇಕು!" ಎಂದುಬಿಟ್ಟೆ. ಆಕೆ ಎದ್ದು ನಿಂತು ನನ್ನ ಮುಖ ನೋಡಿದಳು. ಕೌದಿ ನೋಡಿದಳು. "ಹಂಗಾರ ಸತ್ತೂರ್ದಾಗ ಕುದ್ದಿದ್ದು..." ಎಂದಳು. ನಾನು ತಲೆ ತಗ್ಗಿಸಿದೆ. ಆಕೆ ಅಲ್ಲೇ ತಮ್ಮನಿಗೆ ಫೋನ್ ಮಾಡಿ, "ಗಿರಾಕಿಗೆ ಬ್ಯಾಡ ಅಂತ ಹೇಳಪಾ, ಕಾರಿಂದೇನೂ ತಪ್ಪಿಲ್ಲ" ಎಂದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಕೀಲಿ ತರ್ರಿ. ಇನ್ನ ಇದನ್ನ ನಾನೇ ಹೊಡೀತೇನಿ. ಆ ದಾದಾಪೀರನ್ನ ಸುಮ್ಮ ಸುಮ್ಮನ ಬೈದೀರಿ, ಅವಗ ಫೋನ್ ಹಚ್ಚಿ ತಪ್ಪಾತು ಅನ್ರಿ." ಶೈಲಾ ನನಗಿಂತ ಚೆನ್ನಾಗಿ ಕಾರು ಓಡಿಸುತ್ತಾಳೆ. ಈ ಸಂಗತಿಯನ್ನು ಇಷ್ಟು ಹೊತ್ತು ಹೇಳದೆ ಇದ್ದುದು ನನ್ನ ಸಣ್ಣತನ.

ಕಾರು ಉಳಿಯಿತೆಂಬ ಸಂತೋಷದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಫೋನ್ ಹಚ್ಚಿದೆ. ಎಲ್ಲ ಕೇಳಿಸಬೇಕೆಂದು ಶೈಲಾ ಸ್ಪೀಕರ್ ಹಾಕಿಸಿದಳು. ನಾನು "ದಾದಾಪೀರ, ಅದು ಆ ಕೌದಿ..." ಎನ್ನುವಷ್ಟರಲ್ಲಿ ಅವನೇ ಶುರುಮಾಡಿದ. "ಗೊತ್ತಾತ್ರಿ ಸರ, ಗೊತ್ತಾತು. ನಿಮ್ಮದು ನೋಡಿ ಮನಸ್ಸಿಗೆ ಬಂದು, ನಮ್ಮ ಅಮ್ಮಾನ ಕಡೆ ಹೊಲಿಸಿ ಕೂಲರ್ ಇದ್ದ ಇನ್ನೂ ಇಬ್ಬರ ಗಾಡಿಗೆ ಕಟ್ಟಿದ್ದೆ. ಇವತ್ತ ಒಬ್ಬರದು ಗದಗ ರಸ್ತೆದಾಗ ಕುದ್ದು ನಿಂತೈತಿ, ಇನ್ನೊಬ್ಬರದು ಕಲಘಟಗಿ ಹಂತೇಲಿ. ಇದು ಯಾರ ತಲಿಯಾಗ ಬಂದಿದ್ದೋ ಅಂತ ಕೇಳಿದ್ರು. ನಾ ಸುಳ್ಳ ಹೇಳಂಗಿಲ್ರಿ ಸರ. ನಿಮ್ಮ ಹೆಸರು, ಕಾಲೇಜು ಎರಡೂ ಹೇಳೇನಿ. ನಾಳೆ ಮುಂಜಾನೆ ಇಬ್ಬರೂ ಕೂಡಿ ನಿಮ್ಮನ್ನ ಕಾಣಾಕ ಬರ್ತಾರಂತ."

ಶೈಲಾ ನಗು ತಡೆಯಲಾರದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಆಕೆಯ ನಗು ನಿಲ್ಲುವವರೆಗೆ ಕಾದು, ಆದಷ್ಟು ಸಹಜವಾದ ದನಿಯಲ್ಲಿ, "ಕೀಲಿ ನಿನ್ನ ಹತ್ರನೇ ಇರಲಿ. ನಾಳೆ ನನ್ನನ್ನ ಕಾಲೇಜಿಗೆ ನೀನೇ ಬಿಡು" ಎಂದೆ. "ಯಾಕ್ರಿ?" ಎಂದಳು. "ಹಿಂದಿನ ಗೇಟಿಗೆ ಬಿಟ್ಟರ ಸಾಕು" ಎಂದೆ.