ತಲೆ ತೆಗೆಯುವ ಮಾವ

ನಮ್ಮ ಸಣ್ಣ ಮಾವ ಇಳಕಲ್ಲಿನಲ್ಲಿ ಯಾರ ತಲೆ ತೆಗೆಯಲೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಗಾಬರಿಯಾಗಬೇಡಿ, ಅವನ ಕೈಯಲ್ಲಿದ್ದದ್ದು ಕೊಡಲಿಯಲ್ಲ, ಕ್ಯಾಮೆರಾ!

ಎಪ್ಪತ್ತರ ದಶಕದಲ್ಲಿ ಯಾರೋ ಬಿಟ್ಟುಹೋದ ಡಬ್ಬಿ ಕ್ಯಾಮೆರಾ ಅವನ ಪಾಲಿಗೆ ಬಂದಿತ್ತು. ತನ್ನ ಅವ್ವನ, ಅಂದರೆ ನಮ್ಮ ಅಜ್ಜಿಯ ಮಗ್ಗದ ಬುಡದಲ್ಲೇ ಬೆಳೆದವನು ಅವನು. ಎದುರಿಗೆ ಯಾರನ್ನು ನಿಲ್ಲಿಸಿದರೂ ಮೊದಲು ಸೀರೆಯ ನೇಯ್ಗೆ ನೋಡುತ್ತಿದ್ದ. ಸೆರಗು ಪೂರ್ತಿ ಬರಬೇಕು. ಅದಕ್ಕಾಗಿ ತಲೆ ಹೋದರೆ ಹೋಗಲಿ! ಕಪ್ಪುಬಿಳುಪು ಫೋಟೋದಲ್ಲಿ ಸೆರಗಿನ ಕೆಂಪು ಹುಡುಕುವವನು ಅವನೊಬ್ಬನೇ ಇರಬೇಕು.

ಫಿಲ್ಮು ತೊಳೆಯಲು ಬಾಗಲಕೋಟೆಗೆ ಹೋದರೆ ಸ್ಟುಡಿಯೋದವನು ಕೇಳಿದನಂತೆ, "ಯಾಕ್ರಿ, ನಿಮ್ಮ ಮನ್ಯಾಗ ಯಾರಿಗೂ ತಲಿ ಇಲ್ಲೇನ್ರಿ?"

"ತಲಿ ಎಲ್ಲಾರಿಗೂ ಇರ್ತದ. ಇಂಥಾ ಸೆರಗು ಇರ್ತದೇನು?"

ಹುನಗುಂದದ ಮದುವೆಯೊಂದರಲ್ಲಿ ಮದುಮಗಳ ತಲೆಯೂ ಹೋಯಿತು. ಬೀಗರು ಸಿಟ್ಟಾದರು. ಆದರೆ ಹೆಂಗಸರು ಫೋಟೋ ಹಿಡಿದು, "ಇದು ಅತ್ತಿ, ಇದು ನಾದಿನಿ" ಎಂದು ಸೀರೆ ನೋಡಿಯೇ ಗುರುತಿಸಿಬಿಟ್ಟರು. ಮಾವನಿಗೆ ಇನ್ನೇನು ಬೇಕು?

ಅಜ್ಜಿಗೆ ಮಾತ್ರ ಫೋಟೋದಲ್ಲಿ ತನ್ನ ಮುಖ ಬರಬೇಕೆಂಬ ಒಂದೇ ಆಸೆ. "ನಾ ಸಾಯೂದ್ರಾಗ ನನ್ನ ಮಾರಿ ಒಂದಸಲ ತಗಿಯೋ."

ಎಂಬತ್ತರ ದಶಕದ ಒಂದು ಭಾನುವಾರ ಎಲ್ಲರೂ ಬಾದಾಮಿಗೆ ಹೋದೆವು. ಅಜ್ಜಿ ತಾನೇ ನೇಯ್ದ ಸೀರೆ ಉಟ್ಟು ಗುಹೆಯ ಮೆಟ್ಟಿಲ ಮೇಲೆ ನಿಂತಳು. ಮಾವ ಕ್ಲಿಕ್ಕಿಸಿದ. ಅಷ್ಟರಲ್ಲಿ ಮಂಗವೊಂದು ಅವನ ಟೋಪಿ ಕಿತ್ತುಕೊಂಡು ಓಡಿತು. ಅವನು ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ ಮಂಗನ ಬೆನ್ನು ಹತ್ತಿದ. ಅಜ್ಜಿ ಬಿದ್ದು ಬಿದ್ದು ನಗತೊಡಗಿದಳು. ಪರಕಾರದ ಲಂಗ ಹಾಕಿಕೊಂಡು ನಿಂತಿದ್ದ ಪುಟ್ಟ ಹುಡುಗಿ ನಾನು, ಗುಂಡಿ ಒತ್ತಿಯೇಬಿಟ್ಟೆ. ಟಕ್! ಆ ಸದ್ದಿಗೆ ಹಿಡಿದ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ.

ಫೋಟೋಗಳು ಬಂದವು. ಮಾವನದರಲ್ಲಿ ಯಥಾಪ್ರಕಾರ ಕುತ್ತಿಗೆಯ ಮೇಲೆ ಏನೂ ಇಲ್ಲ. ನನ್ನದರಲ್ಲಿ ಕೆಳಗಿನ ಅಂಚಿಗೆ ಅಜ್ಜಿಯ ನಗುಮುಖ, ಮೇಲೆ ಬೇಕಾದಷ್ಟು ಆಕಾಶ, ಕುತ್ತಿಗೆಯ ಕೆಳಗೆ ಏನೂ ಇಲ್ಲ! ಆದರೂ ಅಜ್ಜಿ ನನ್ನ ಫೋಟೋವನ್ನು ಓಣಿಗೆಲ್ಲ ತೋರಿಸಿ ಬಂದಳು. ಮಾವ ಎರಡು ದಿನ ಕ್ಯಾಮೆರಾವನ್ನು ನನ್ನ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟ.

ಮುಂದೆ ಅಜ್ಜಿ ತೀರಿಕೊಂಡಾಗ ನನ್ನ ಫೋಟೋಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮಾವ ಅದನ್ನು ಬಹಳ ಹೊತ್ತು ನೋಡಿದ. "ಮಾರಿ ಛಲೋ ತಗದೀಯವಾ," ಎಂದವನೇ ಒಳಗೆ ಹೋಗಿ ತನ್ನ ಫೋಟೋ ತಂದ. ಅದಕ್ಕೂ ಕಟ್ಟು ಹಾಕಿಸಿಟ್ಟಿದ್ದ! ನನ್ನದರ ಕೆಳಗೆ ಅಂಚಿಗೆ ಅಂಚು ತಾಗಿಸಿ ಮೊಳೆ ಹೊಡೆದ.

ಅಜ್ಜಿ ಪೂರ್ತಿಯಾಗಿ ಗೋಡೆಯ ಮೇಲೆ ನಿಂತಳು, ನಗುತ್ತ, ತಾನೇ ನೇಯ್ದ ಸೆರಗು ಹೊದ್ದು.

ಮಾವ ಗಾಜಿನ ಮೇಲಿಂದಲೇ ಆ ಸೆರಗನ್ನು ಸವರಿ, "ಈಗ ಬಂದ್ಲು ನೋಡು ನಮ್ಮವ್ವ," ಎಂದ.