ರೊಟ್ಟಿ ಹಂಚಿನ ಬ್ರೇಕು

ನಮ್ಮ ಸೋದರಮಾವನನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಎರಡು ವರ್ಷದ ಹಿಂದೆ ರೋಣದಿಂದ ಎರಡು ಮೈಲಿಯೊಳಗೆ ಎಲ್ಲಿಯಾದರೂ ಇದ್ದಿದ್ದರೆ, ಅವನು ಬರುವುದು ನಿಮ್ಮ ಕಿವಿಗೆ ಖಂಡಿತ ಬಿದ್ದಿರುತ್ತದೆ! ಹಾಗೆಂದು ಅವನೇನು ದೊಡ್ಡ ಗಂಟಲಿನ ಮನುಷ್ಯನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದದ್ದನ್ನೆಲ್ಲ ಅವನ ಬ್ರೇಕು ಮಾತಾಡುತ್ತಿತ್ತು.

ಮಾಮಾನ ಹತ್ತಿರ ಮೂರು ಗಾಲಿಯ ಮೋಟಾರು ಗಾಡಿಯಿತ್ತು. ಕೊಂಡದ್ದಲ್ಲ, ಕೂಡಿಸಿದ್ದು. ಕರ್ನಾಟಕದ ಏಕೀಕರಣವಾದ ವರ್ಷವೇ ಅದರ ಏಕೀಕರಣವೂ ಆಯಿತು. ಮುಂದಿನ ಅರ್ಧ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್. ಹಿಂದಿನ ಎರಡು ಗಾಲಿ ಮತ್ತು ಅಚ್ಚು ಯಾವುದೋ ಮುದಿ ಕಾರಿನವು. ಅವುಗಳ ಮೇಲೆ ಕೂಡ್ರಲು ನಮ್ಮ ಪಡಸಾಲೆಯ ಬೆಂಚು. ಇನ್ನು ಬ್ರೇಕು? ಅದು ನಮ್ಮ ಮಾಮಿಯ ರೊಟ್ಟಿ ಹಂಚು!

ನಗಬೇಡಿ. ಮಾಮಿಗೆ ಗಜೇಂದ್ರಗಡದ ತವರುಮನೆಯಿಂದ ಬಂದ, ದಪ್ಪ ಕಬ್ಬಿಣದ, ಸಪಾಟಾದ ಹಂಚು ಅದು. ಮಾಮಾ ಅದರ ನಡುವೆ ತೂತು ಹೊಡೆದು ಹಿಂದಿನ ಅಚ್ಚಿಗೆ ಬಿಗಿದ. ಗಾಲಿಯ ಜೊತೆಗೆ ಹಂಚೂ ತಿರುಗುತ್ತದೆ. ಕಾಲಿನಿಂದ ಒತ್ತಿದರೆ, ಬಾಯಲ್ಲಿ ಲಾರಿ ಬ್ರೇಕಿನ ಹಳೆಯ ತುಂಡುಗಳನ್ನು ಕಚ್ಚಿಕೊಂಡ ದೊಡ್ಡ ಇಕ್ಕಳವೊಂದು ಹಂಚನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಗಾಡಿ ನಿಲ್ಲುತ್ತದೆ. ನಿಲ್ಲುವ ಮೊದಲು ಕಿರುಚುತ್ತದೆ.

ಆ ಕಿರುಚಾಟವನ್ನು ಹೇಗೆ ಹೇಳಲಿ? ಒಂದು ಇಡೀ ಶಾಲೆಯ ಮಕ್ಕಳು ಒಟ್ಟಿಗೆ ಪಾಟಿಯ ಮೇಲೆ ಮೊಳೆ ಎಳೆದಂತೆ! ನರಗುಂದದ ದಾರಿಯ ಯಾವಗಲ್ ಊರಿನಲ್ಲಿ ಒಮ್ಮೆ ಮಾಮಾ ಬ್ರೇಕು ಒತ್ತಿದ್ದಕ್ಕೆ ಒಂದು ಜೋಡಿ ಎತ್ತು, ಗಾಡಿಯವನನ್ನು ರಸ್ತೆಯಲ್ಲೇ ಬಿಟ್ಟು, ಗಾಡಿಯನ್ನು ಮಾತ್ರ ಕರೆದುಕೊಂಡು ಮನೆಗೆ ಹೋದವು.

"ಕಾಕಾ, ಅದನ್ಯಾಕ ಹಂಗ ಗೋಳಾಡಸ್ತೀರಿ?" ಎಂದು ಪೇಟೆಯವರು ಕೇಳಿದರೆ ಮಾಮಾನದು ಒಂದೇ ಉತ್ತರ. "ಒದರಿದರ ಒದರಲಿ. ಹಿಡೀಬೇಕು."

"ಮೋಟಾರ್ ಸೈಕಲ್ಲಿಗೆ ಎರಡು ಗಾಲಿ ಸಾಕಾಗಿದ್ದಿಲ್ಲೇನ್ರಿ? ಮೂರ್ಯಾಕ?" ಎಂಬ ಪ್ರಶ್ನೆಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಪೋಸ್ಟ್ ಮಾಸ್ತರರಿಗೆ, "ನಾಕನೇದು ಸಿಗಲಿಲ್ರಿ." ಮಾಮಿಗೆ, "ಒಂದು ಹೆಚ್ಚಿಗಿತ್ತು, ಹಾಕಿದೆ." ನಮ್ಮ ಅವ್ವ ಕೇಳಲೇ ಇಲ್ಲ. ಅವಳು ಆ ಗಾಡಿಯ ಹತ್ತಿರ ಸುಳಿದವಳೂ ಅಲ್ಲ. ತನ್ನ ಸೊಟ್ಟ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಇಷ್ಟರಲ್ಲಿ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದೆ. ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಕರೆ ಬಂತು. ಸೋಮವಾರ ಹಾಜರಾಗಬೇಕು. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಹೊಂದಿಕೆಯಿಲ್ಲ. ಅಲ್ಲಿಯೇ ಒಬ್ಬಳೇ ಇರಲು ಅಜ್ಜ ಒಪ್ಪುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಇರುವುದು ಈ ಅಜ್ಜನ, ಎಂದರೆ ಅವ್ವನ ಅಪ್ಪನ, ಮನೆಯಲ್ಲಿ. ರೋಣದ ಪೇಟೆಯಲ್ಲಿ ಅವನದು ಅರಳೆ ವ್ಯಾಪಾರ. ಅವನ ತೀರ್ಪಿಗೆ ಮೇಲ್ಮನವಿಯಿಲ್ಲ.

"ದಿನಾ ನಾ ಬಿಟ್ಟು, ನಾನ ಕರಕೊಂಡು ಬರತೀನಿ," ಎಂದ ಮಾಮಾ.

"ಯಾತರಾಗ? ಅದರಾಗ?" ಅಜ್ಜ ಗಾಡಿಯತ್ತ ಕೋಲು ತೋರಿಸಿದ. "ನಮ್ಮ ಮನಿ ಹೆಣ್ಣಮಗಳು ದಿನಾ ಡಂಗುರಾ ಸಾರಿಸ್ಕೋತ ಹೋಗಬೇಕೇನಲೇ? ಶನಿವಾರದೊಳಗ ಅದರ ಬಾಯಿ ಮುಚ್ಚಸು. ಇಲ್ಲಂದ್ರ ನೌಕರಿ ಮಾತು ಬ್ಯಾಡ."

ಒಳಗೊಳಗೆ ನನಗೂ ಅಜ್ಜನ ಮಾತು ಸರಿಯೆನಿಸಿತ್ತು. ಯಾರಾದರೂ ತಿರುಗಿ ನೋಡಿದರೇ ನನಗೆ ಮುಜುಗರ. ಇಡೀ ತಾಲೂಕು ತಿರುಗಿ ನೋಡಿದರೆ? ಆದರೆ ನೌಕರಿ ಬೇಕಾಗಿತ್ತು. ಅದಕ್ಕೆ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ. "ವೇಗದಲ್ಲಿ ಒತ್ತಿದರೆ ಸದ್ದು ಕಡಿಮೆ. ನಿಲ್ಲುವ ಮುಂಚಿನ ನಾಲ್ಕು ಮಾರಿನಲ್ಲಿ ವಿಪರೀತ. ಹಿಂದಕ್ಕೆ ತಳ್ಳುವಾಗ ಇಲ್ಲವೇ ಇಲ್ಲ."

ಮಾಮಾ ಓದಿ ನೋಡಿದ. "ದವಾಖಾನಿ ಚೀಟಿ ಆತಲ್ಲವಾ ಇದು!"

ಗುರುವಾರ ಹಿಂದಿನ ಗಾಲಿಗಳನ್ನು ಕಲ್ಲಿನ ಮೇಲೆ ಎತ್ತಿದೆವು. ಮಾಮಾ ಗಾಲಿ ತಿರುಗಿಸಿದ; ನಾನು ಹಂಚಿನ ಅಂಚಿಗೆ ಸೀಮೆಸುಣ್ಣ ಹಿಡಿದೆ. ಗುರುತು ಒಂದೇ ಕಡೆ ಬಿತ್ತು. ಹಂಚು ಬಾಗಿತ್ತು!

"ಸೊಟ್ಟ ಐತಿ," ಎಂದ ಮಾಮಾ, ಹೆಂಡತಿಯತ್ತ ನೋಡಿ.

"ತವರಮನಿಯಿಂದ ಬಂದಾಗ ನೆಟ್ಟಗ ಇತ್ರಿ," ಎಂದಳು ಮಾಮಿ. "ನಿಮ್ಮ ಕೈಗೆ ಸಿಕ್ಕ ಮ್ಯಾಲೆ ಸೊಟ್ಟಾಗೇತಿ."

ಮಧ್ಯಾಹ್ನವೆಲ್ಲ ಬಡಿದು ಅದನ್ನು ನೆಟ್ಟಗೆ ಮಾಡಿದ್ದಾಯಿತು. ಮೊದಲು ತಡೆತಡೆದು ಒದರುತ್ತಿದ್ದ ಬ್ರೇಕು ಈಗ ಒಂದೇ ಉಸಿರಿನಲ್ಲಿ ಒದರತೊಡಗಿತು. ನೋಟ್‌ಬುಕ್ಕಿನಲ್ಲಿ "ಪ್ರಗತಿ" ಎಂದು ಬರೆದುಕೊಂಡೆ.

ಶುಕ್ರವಾರ ಮುಂಜಾನೆ ಪವಾಡ! ಓಣಿಯ ಕೊನೆಗೆ ಬಂದಾಗ ಮಾಮಾ ಬ್ರೇಕಿನ ಮೇಲೆ ಕಾಲಿಟ್ಟ. ಸದ್ದಿಲ್ಲ! ಆ ಸಂತೋಷದಲ್ಲಿ ಗಾಡಿ ನಿಂತಿತೋ ಇಲ್ಲವೋ ನೋಡದೆ ನೇರ ಪೇಟೆಗೆ ಹೊರಟೆವು. ನಾನು ಮೊದಲ ಸಲ ಬೆಂಚಿನ ಮೇಲೆ ತಲೆಯೆತ್ತಿ ಕೂತಿದ್ದೆ. ಅಜ್ಜನ ಅಂಗಡಿ ಬಂತು. ಮಾಮಾ ಒತ್ತಿದ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಸದ್ದಿಲ್ಲ. ಅಂಗಡಿ ಹಿಂದೆ ಹೋಯಿತು, ಅಜ್ಜ ಹಿಂದೆ ಹೋದ, ಅರಳೆಯ ರಾಶಿ ಎದುರಿಗೆ ಬಂತು. ಆಮೇಲೆ ಎಲ್ಲ ಬೆಳ್ಳಗಾಯಿತು.

"ಯಪ್ಪಾ, ಸಪ್ಪಳ ಇಲ್ಲ ನೋಡು," ಎಂದು ಅರಳೆಯೊಳಗಿಂದ ಮಾಮಾನ ದನಿ ಬಂತು.

"ಹೌದು," ಎಂದ ಅಜ್ಜ. "ನಿಂದ್ರೂದೂ ಇಲ್ಲ."

ಮೂಗಿನಲ್ಲಿದ್ದ ಅರಳೆ ತೆಗೆದು ನಾನು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಹಂಚು ಮಿರಿಮಿರಿ ಮಿಂಚುತ್ತಿತ್ತು. ಮುಟ್ಟಿದರೆ ಹರಳೆಣ್ಣೆ!

"ಯಾರು ಹಾಕಿದ್ದು ಇದನ್ನ?" ಎಂದೆ. ಅಜ್ಜ ಆಕಾಶ ನೋಡಿದ.

"ಒದರೂ ಗಾಲಿಗೆ ಹರಳೆಣ್ಣಿ ಹಾಕೂದು ಹೊಸಾದೇನ?" ಎಂದ ಕಡೆಗೆ. "ಐವತ್ತು ವರ್ಷ ಚಕ್ಕಡಿ ಹೂಡೇನಿ ನಾ. ಮುಂಜಾನೆದ್ದು ಒಂದು ಬಟ್ಟಲ ಸುರುವಿದೆ. ಹುಡುಗಿ ನೌಕರಿ ತಪ್ಪಬಾರದು ಅಂತ..."

ಶರತ್ತು ಹಾಕಿದವನೇ ಎಣ್ಣೆಯನ್ನೂ ಹಾಕಿದ್ದ! ಚಕ್ಕಡಿಯ ಅಚ್ಚಿಗೆ ಎಣ್ಣೆ ಬೇಕು, ಬ್ರೇಕಿಗೆ ಎಣ್ಣೆಯೇ ವಿಷ ಎಂದು ನಾನು ತಿಳಿಸಿ ಹೇಳಿದೆ. ಅಜ್ಜ ಪೂರ್ತಿ ಕೇಳಿ, "ಹಂಗಾರ ಅದು ಗಾಡಿನ ಅಲ್ಲ," ಎಂದ.

ಎಣ್ಣೆ ಕುಡಿದ ಬ್ರೇಕಿನ ತುಂಡುಗಳನ್ನು ಎಸೆದು ಬೇರೆ ತಂದೆವು. ಹಂಚಿನ ಎಣ್ಣೆ ಸುಡಲು ಅದನ್ನು ಒಲೆಯ ಮೇಲಿಡಬೇಕಾಯಿತು. ಸಿಕ್ಕಿದ್ದೇ ಸಮಯವೆಂದು ಮಾಮಿ, ಬೂದಿ ಹಾಕಿ ತಿಕ್ಕಿ, ಅದರ ಮೇಲೆ ರೊಟ್ಟಿ ಬಡಿದು ಹಾಕಿದಳು. ಪ್ರತಿ ರೊಟ್ಟಿಗೂ ನಡುವೆ ರೂಪಾಯಿಯಗಲದ ಕರಿ ತೂತು! "ಇದ್ದರ ಇರಲಿ, ಇಂಥಾ ರೊಟ್ಟಿ ತಿಂದು ವರ್ಷಾತು," ಎಂದು ಮಾಮಿ ಕಣ್ಣರಳಿಸಿದಳು.

ಊಟವಾದ ಮೇಲೆ ಹಂಚನ್ನು ತೊಳೆದು ಕಟ್ಟೆಗೆ ಆನಿಸುವಾಗ ಅದು ಕಲ್ಲಿಗೆ ಬಡಿದು ಠಣ್ ಎಂದಿತು. ಮಾಮಿ ಅಭ್ಯಾಸಬಲದಿಂದ ಒಂದು ಬೆರಳು ಇಟ್ಟಳು. ಸದ್ದು ನಿಂತಿತು.

ನಾನು ಎದ್ದೇ ನಿಂತೆ! ಇಕ್ಕಳದ ಬಾಯಲ್ಲಿ ಬ್ರೇಕಿನ ತುಂಡುಗಳು ಸಡಿಲವಾಗಿದ್ದವು. ತಿರುಗುವ ಹಂಚು ತಾಗಿದೊಡನೆ ಅವು ನಡುಗುತ್ತಿದ್ದವು, ಹಂಚನ್ನೂ ನಡುಗಿಸುತ್ತಿದ್ದವು. ಕಿರುಚುತ್ತಿದ್ದುದು ಆ ನಡುಕ. ಅದರ ಮೇಲೆ ಒಂದು ಬೆರಳು ಇಡಬೇಕಾಗಿತ್ತು, ಅಷ್ಟೇ. ಮಾಮಾನ ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ತುಂಡುಗಳ ಬೆನ್ನಿಗೆ ಕೊಟ್ಟು ಬಿಗಿಯಾಗಿ ಕೂಡ್ರಿಸಿದೆವು. ಮೊದಲು ತಾಗುವ ಅವುಗಳ ಚೂಪು ಅಂಚನ್ನು ಅರದಿಂದ ಉಜ್ಜಿ ಇಳಿಜಾರು ಮಾಡಿದೆವು.

ಶನಿವಾರ ಪರೀಕ್ಷೆ. ಈ ಸಲ ಅಜ್ಜ ಅರಳೆಯ ರಾಶಿಗೆ ಅಡ್ಡವಾಗಿ ತಾನೇ ನಿಂತ. ಗಾಡಿ "ಉಸ್" ಎಂದು ಅವನ ಧೋತರದಿಂದ ಒಂದು ಮೊಳ ಈಚೆಗೆ ನಿಂತಿತು.

"ಹ್ಞೂಂ," ಎಂದ ಅಜ್ಜ. "ಲಗೂ ಹೋಗಿ ಲಗೂ ಬರ್ರಿ."

ಸೋಮವಾರ ಯಾವಗಲ್ ದಾಟಿದ ಮೇಲೆ ಕೇಳಿದೆ. "ಮಾಮಾ, ಖರೇ ಹೇಳು. ಮೂರು ಗಾಲಿ ಯಾಕ?"

ತಿರುಗಿ ನೋಡದೆ ಅವನು ಹೇಳಿದ: "ಆವಾಗ ನಾವು ಜಕ್ಕಲಿಯೊಳಗ ಇದ್ವಿ. ನಿಮ್ಮವ್ವ ಐದನೇತ್ತಾ. ರೋಣದ ಸಾಲಿಗೆ ನಾನ ಸೈಕಲ್ ಮ್ಯಾಲೆ ಕರಕೊಂಡು ಹೋಗತಿದ್ದೆ. ಒಂದಿನ ಹಳ್ಳದ ಇಳಕಲಿನ್ಯಾಗ ಬ್ರೇಕ್ ಹಿಡೀಲಿಲ್ಲ. ಬಿದ್ವಿ. ಆಕಿ ಕೈ ಮುರೀತು. ಅಪ್ಪ ಸಾಲಿ ಬಿಡಿಸಿದ." ರಸ್ತೆಯ ತಗ್ಗೊಂದನ್ನು ತಪ್ಪಿಸಿ ಅಂದ: "ಎರಡು ಗಾಲಿ ಬೀಳತಾವವಾ."

ಒಂದು ವಾರದ ಮಾತನ್ನೆಲ್ಲ ಅವನು ಅಲ್ಲೇ ಆಡಿ ಮುಗಿಸಿದ್ದ.

ಸಂಜೆ ನಾವು ಸದ್ದಿಲ್ಲದೆ ಮನೆಯ ಮುಂದೆ ಬಂದು ನಿಂತೆವು. ಅವ್ವ ಬಾಗಿಲಲ್ಲಿದ್ದಳು. ನಾನು ಕೆಳಗಿಳಿಯುವವರೆಗೆ ನನ್ನನ್ನೇ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದು, ಬೆಂಚಿನ ಮೇಲಿನ ಧೂಳನ್ನು ಸೊಟ್ಟ ಕೈಯಿಂದ ಒರೆಸಿ, ಹತ್ತಿ ಕೂತಳು.

"ಯಣ್ಣಾ, ಸಾಲಿ ಮಟ ಹೋಗಿ ಬರೂಣು ನಡಿ," ಎಂದಳು. "ರೋಣದ ಸಾಲಿ ಮಟ."

ಹೊರಡುವ ಮೊದಲು ಮಾಮಾ ಬ್ರೇಕನ್ನೊಮ್ಮೆ ಒತ್ತಿ ನೋಡಿದ.