ಗಣಿತದ ಮೇಡಂ ಏಳನೇ ತರಗತಿಗೆ ಸೇರಿದ್ದು

ಶಿಕ್ಷಕರು ಪಾಠ ಮಾಡುವುದರಿಂದ ಮಕ್ಕಳ ಕಲಿಕೆಗೆ ಅಡ್ಡಿಯಾಗುತ್ತಿರುವುದು ಇಲಾಖೆಯ ಗಮನಕ್ಕೆ ಬಂದುದರಿಂದ, ಆ ವರ್ಷ ಎಲ್ಲ ಶಾಲೆಗಳಲ್ಲೂ ಪಾಠ ಮಾಡುವುದನ್ನು ನಿಲ್ಲಿಸಲಾಯಿತು. ಯೋಜನೆಯ ಹೆಸರು ವಿದ್ಯಾರ್ಥಿ ಸಬಲೀಕರಣ. ಕಪ್ಪು ಹಲಗೆಯ ಬಳಿ ನಿಲ್ಲುವ ಹಕ್ಕು ಇನ್ನು ವಿದ್ಯಾರ್ಥಿಗಳದ್ದು. ಶಿಕ್ಷಕರು ಕುರ್ಚಿಯಲ್ಲಿ ಕುಳಿತು ಪ್ರೋತ್ಸಾಹದಾಯಕವಾಗಿ ಮುಗುಳ್ನಗತಕ್ಕದ್ದು. ಮುಗುಳ್ನಗೆಯಲ್ಲಿ ಉತ್ತರದ ಸುಳಿವು ಇರತಕ್ಕದ್ದಲ್ಲ ಎಂಬ ಉಪನಿಯಮವೂ ಇತ್ತು.

ಏಳನೇ ತರಗತಿಯ ಗಣಿತದ ಮೇಡಂ ನಿಷ್ಠೆಯಿಂದ ನಕ್ಕರು. ಮೊದಲ ವಾರವೇ ಒಬ್ಬ ಹುಡುಗ ಹಲಗೆಯ ಮೇಲೆ ಅರ್ಧಕ್ಕೆ ಮೂರನೇ ಒಂದು ಕೂಡಿಸಿದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಐದನೇ ಎರಡು ಎಂದು ಬರೆದ. ತರಗತಿ ಕೈ ಎತ್ತಿ ಅದನ್ನು ಬಹುಮತದಿಂದ ಅಂಗೀಕರಿಸಿತು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾದದ್ದನ್ನು ಕಂಡು ಮೇಡಂಗೆ ಸಂಕಟವಾಯಿತು. ಭಿನ್ನರಾಶಿ ಎಂದರೆ ಅವರಿಗೆ ಪ್ರಾಣ. ನಗುತ್ತಲೇ ಹೆಡ್‌ಮಾಸ್ತರರ ಕೋಣೆಗೆ ಹೋದರು.

"ಸರ್, ಮಕ್ಕಳು ತಪ್ಪು ಲೆಕ್ಕ ಮಾಡ್ತಿದಾರೆ."

"ಮಾಡ್ಲಿ ಮೇಡಂ. ಎಷ್ಟು ಧೈರ್ಯವಾಗಿ ಮಾಡ್ತಿದಾರೆ ನೋಡಿ. ಮೊದಲೆಲ್ಲ ತಪ್ಪು ಮಾಡೋವಾಗ ನಡುಗ್ತಿದ್ರು."

"ಪರೀಕ್ಷೇಲಿ ಏನು ಮಾಡ್ತಾರೆ?"

"ಅಲ್ಲೂ ಧೈರ್ಯವಾಗೇ ಮಾಡ್ತಾರೆ."

ಪರೀಕ್ಷೆಯನ್ನು ಸಬಲಗೊಳಿಸುವ ಸುತ್ತೋಲೆ ಇನ್ನೂ ಬಂದಿರಲಿಲ್ಲ. ಅದು ಹಳೇ ಪದ್ಧತಿಯಲ್ಲೇ ನಡೆಯಬೇಕಿತ್ತು, ಇಡೀ ತರಗತಿ ಸಾಲಾಗಿ ನಪಾಸಾಗುವುದು ಖಂಡಿತವಿತ್ತು. ಮಕ್ಕಳಿಗೂ ಒಳಗೊಳಗೇ ಪುಕಪುಕ. ತಾವೊಮ್ಮೆ ಹೇಳಿಕೊಡಿ ಎಂದು ಅವರು ಮೇಡಂಗೆ ದುಂಬಾಲು ಬಿದ್ದರು. ಹೆಡ್‌ಮಾಸ್ತರರು ಆ ಬೇಡಿಕೆಯನ್ನು 'ಸಬಲೀಕರಣದ ಕೊರತೆ' ಎಂದು ವರದಿ ಮಾಡಿದರು.

ತರಗತಿಯಲ್ಲಿ ಎಲ್ಲದಕ್ಕೂ ವಾದ ಮಾಡುವ ಒಬ್ಬ ಹುಡುಗಿಯಿದ್ದಳು. ಎಲ್ಲರೂ ಅವಳನ್ನು ಲಾಯರ್ ಎನ್ನುತ್ತಿದ್ದರು. ಅವಳು ಗೋಡೆಗೆ ಅಂಟಿಸಿದ್ದ ಸುತ್ತೋಲೆಯನ್ನು ಬೆರಳಿಟ್ಟು ಓದಿದಳು.

"ಮೇಡಂ, ಹಲಗೆ ಹತ್ರ ವಿದ್ಯಾರ್ಥಿ ನಿಲ್ಲಬೇಕು ಅಂತಿದೆ. ವಿದ್ಯಾರ್ಥಿಗೆ ಎಷ್ಟು ವಯಸ್ಸಾಗಿರಬೇಕು ಅಂತ ಎಲ್ಲೂ ಇಲ್ಲ. ನೀವೂ ನಮ್ಮ ಕ್ಲಾಸಿಗೆ ಸೇರ್ಕೊಂಡ್ಬಿಡಿ."

ಮರುದಿನವೇ ಮೇಡಂ ಅರ್ಜಿ ಹಾಕಿದರು. ದಾಖಲಾತಿ ಹೆಚ್ಚಾಗುವುದೆಂದರೆ ಹೆಡ್‌ಮಾಸ್ತರರಿಗೆ ಯಾವಾಗಲೂ ಸಂತೋಷ. ಪೋಷಕರನ್ನು ಕರೆತನ್ನಿ ಎಂದಷ್ಟೇ ಹೇಳಿದರು. ಮೇಡಂ ತಮ್ಮ ಅತ್ತೆಯನ್ನು ಕರೆತಂದರು.

"ಸೊಸೆ ಓದ್ತೀನಿ ಅಂದ್ರೆ ಬೇಡ ಅನ್ನೋಕಾಗುತ್ತಾ?" ಎಂದು ಅತ್ತೆ ಸಹಿ ಹಾಕಿದರು. "ಸ್ವಲ್ಪ ಹಟಮಾರಿ. ಗಮನ ಇಟ್ಟಿರಿ ಸರ್."

ಮೇಡಂಗೆ ಕೊನೆಯ ಬೆಂಚು ಸಿಕ್ಕಿತು. ಮೊಣಕಾಲು ಮಡಚಲಾಗದೆ ಅಡ್ಡಡ್ಡ ಕೂರುತ್ತಿದ್ದರು. ಶಿಕ್ಷಕರ ಕುರ್ಚಿ ಖಾಲಿ ಇರಕೂಡದೆಂದು ಅದರ ಮೇಲೆ ಅವರ ವ್ಯಾನಿಟಿ ಬ್ಯಾಗ್ ಇಡಲಾಯಿತು. ಅದು ಯಾರಿಗೂ ಯಾವ ಸುಳಿವನ್ನೂ ಕೊಡುತ್ತಿರಲಿಲ್ಲ. ಪೀರಿಯಡ್ ಶುರುವಾದ ಕೂಡಲೇ ಮೇಡಂ ಕೈ ಎತ್ತುವರು, ಸಹಪಾಠಿಗಳು ಚಪ್ಪಾಳೆ ತಟ್ಟುವರು. ಆಮೇಲೆ ಹಲಗೆಯ ಬಳಿ ನಿಂತು ಛೇದ ಸಮ ಮಾಡುವುದು ಹೇಗೆಂದು ಗಂಟಲು ಕಟ್ಟುವ ತನಕ ಹೇಳಿಕೊಡುವರು. ಎಷ್ಟು ದಿನದ ಹಸಿವೋ, ಅವರ ಸುಖಕ್ಕೆ ಪಾರವಿರಲಿಲ್ಲ.

ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತು ನೋಡಿದರು.

"ಹುಡುಗಿ ಬಹಳ ಚುರುಕು. ಸ್ವಲ್ಪ ದೊಡ್ಡವಳ ಥರ ಕಾಣ್ತಾಳೆ?"

"ಶಾಲೆಗೆ ಸೇರಿದ್ದು ತಡವಾಯ್ತು ಸರ್," ಎಂದರು ಹೆಡ್‌ಮಾಸ್ತರರು.

ಈ ಶಾಲೆಯ ಸಬಲೀಕರಣ ಮಾದರಿಯೆಂದು ಸಾಹೇಬರು ಬರೆದುಹೋದರು. ಅಷ್ಟರಲ್ಲಿ ವಿಜ್ಞಾನದ ಮೇಷ್ಟ್ರು ಆರನೇ ತರಗತಿಗೂ ಚರಿತ್ರೆಯ ಮೇಷ್ಟ್ರು ಏಳಕ್ಕೂ ಸೇರಿಯಾಗಿತ್ತು.

ಪರೀಕ್ಷೆಯಲ್ಲಿ ಮಕ್ಕಳೆಲ್ಲ ತೇರ್ಗಡೆಯಾದರು. ತೇರ್ಗಡೆಯಾದ ವಿದ್ಯಾರ್ಥಿ ಎಂಟಕ್ಕೆ ಹೋಗಲೇಬೇಕು. ಮೇಡಂ ಎಂಟಕ್ಕೆ ಹೋದರೆ ಏಳಕ್ಕೆ ಬರುವ ಮಕ್ಕಳ ಗತಿ? ಮೇಡಂ ಇದನ್ನು ಮೊದಲೇ ಯೋಚಿಸಿದ್ದರು. ಗಣಿತದಲ್ಲಿ ನೂರಕ್ಕೆ ನೂರು ತೆಗೆಯದಿರಲು ಅವರಿಂದ ಆಗಲಿಲ್ಲ, ಕೈ ಕೇಳಲಿಲ್ಲ. ಚರಿತ್ರೆಯ ಉತ್ತರಪತ್ರಿಕೆಯನ್ನು ಮಾತ್ರ ಖಾಲಿ ಕೊಟ್ಟು ಬಂದಿದ್ದರು. ಪಕ್ಕದ ಬೆಂಚಿನ ಚರಿತ್ರೆಯ ಮೇಷ್ಟ್ರು ಗಣಿತದ ಉತ್ತರಪತ್ರಿಕೆ ಖಾಲಿ ಬಿಟ್ಟಿದ್ದರು. ಅವರದ್ದು ಮಾತ್ರ ಬೇಕೆಂದು ಬಿಟ್ಟದ್ದಲ್ಲ.

ಫಲಿತಾಂಶದ ದಿನ ಅತ್ತೆ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಉಳಿದ ಪೋಷಕರು ಸಹಾನುಭೂತಿಯಿಂದ ತಲೆಯಾಡಿಸಿದರು. ಮೇಡಂ ತಲೆ ತಗ್ಗಿಸಿ ನಿಂತಿದ್ದರು. ಮುಖದಲ್ಲಿನ ಖುಷಿಯನ್ನು ಬಚ್ಚಿಡಲು ಅದೊಂದೇ ದಾರಿ.

"ಇರ್ಲಿ ಬಿಡಮ್ಮ, ಅಳಬೇಡ," ಎಂದರು ಅತ್ತೆ. "ಮುಂದಿನ ವರ್ಷ ಪಾಸಾಗ್ತೀಯ. ನಿಂಗೆ ಚರಿತ್ರೆ ಹೇಳಿಕೊಡೋಕೆ ಆ ಲಾಯರ್ ಹುಡುಗೀನ ಒಪ್ಪಿಸಿದೀನಿ. ನಾಳೆಯಿಂದ ಟ್ಯೂಷನ್."